ಹಳೆ ಬೋಟನ್ನು ತವರಿಗೆ ಕಳಿಸುವ ಮುನ್ನ

ನಮ್ಮಲ್ಲಿ ಬೋಟ್ ಓಡಿಸುವುದು ನಮ್ಮನೆಯವರು. ಲೆಕ್ಕ, ಕಾಗದ, ಕಂಪನಿಯವರ ಜೊತೆ ಫೋನಿನಲ್ಲಿ ಜಗ್ಗಾಡುವುದು ನಾನು. ಕಲಬುರಗಿಯಿಂದ ಒಂದೂವರೆ ತಾಸಿನ ದಾರಿಯಲ್ಲಿರುವ ಕೆರೆಯೊಂದರಲ್ಲಿ ಬೋಟಿಂಗ್ ಗುತ್ತಿಗೆ ನಮ್ಮದು. ಆರು ಪೆಡಲ್ ಬೋಟ್, ಹದಿನಾರು ಅಡಿಯ ಒಂದು ಫೈಬರ್ ಮೋಟರ್ ಬೋಟ್, ಇಷ್ಟೇ ಆಸ್ತಿ. ಮೋಟರ್ ಬೋಟ್ 2009ರದ್ದು. ನಾವು ಕೊಂಡದ್ದು ಸೆಕೆಂಡ್ ಹ್ಯಾಂಡ್. ಹೋದ ವರ್ಷ ಅದನ್ನು ಮಾಡಿದ ಪುಣೆ ಕಡೆಯ ಕಂಪನಿಗೇ ವಾಪಸ್ ಕಳಿಸಿ, ಬಿಚ್ಚಿಸಿ, ಮತ್ತೆ ಕಟ್ಟಿಸಿ ತಂದೆವು. ಲಾರಿ ಹೊರಟಾಗ ಅತ್ತೆ ನಕ್ಕರು: "ತವರಿಗೆ ಕಳಿಸಿದಿ ಬಿಡು. ಮೈ ತುಂಬಿಕೊಂಡು ಬರ್ತದ."

ಮೈ ತುಂಬಿಕೊಂಡು ಬರಬಾರದು, ಇಳಿದೇ ಬರಬೇಕು. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಬೋಟ್ ಮಾಡಿದವರೇ ಹಳೆಯದನ್ನು ಹೊಸದು ಮಾಡಿಕೊಡುವುದು ಹೊರದೇಶಗಳಲ್ಲಿ ಹಳೆ ಪದ್ಧತಿ. ಅಮೆರಿಕದ ಮೇಯ್ನ್ ರಾಜ್ಯದ ಹಿಂಕ್ಲಿ ಕಂಪನಿ 1928ರಿಂದ ಇದೆ. ಹೊಸ ಬೋಟ್ ಕಟ್ಟುವುದರ ಜೊತೆಗೆ ಹಳೆಯವನ್ನು ನೋಡಿಕೊಳ್ಳುವುದೂ ಅವರ ದೊಡ್ಡ ಕೆಲಸ. ನಮ್ಮ ಕಡೆ ಇದಕ್ಕೆ ಬೋರ್ಡ್ ಹಾಕಿಕೊಂಡು ಯಾರೂ ಕೂತಿರುವುದಿಲ್ಲ. ಆದರೆ ಕೇಳಿದರೆ ಬಹಳ ಜನ ತಯಾರಕರು ಮಾಡಿಕೊಡುತ್ತಾರೆ. ಕೇಳುವ ರೀತಿ ಗೊತ್ತಿರಬೇಕು, ಅಷ್ಟೆ.

ಪೇಂಟಿನವರ ಹತ್ತಿರ ಯಾಕೆ ಹೋಗಬಾರದು

ನಾವು ಹೋಗಿದ್ದೆವು. ನಾಲ್ಕು ವರ್ಷದ ಹಿಂದೆ ಒಂದು ವರ್ಕ್‌ಶಾಪಿನಲ್ಲಿ ಕಾರಿನ ಪೇಂಟ್ ಹೊಡೆಸಿದೆವು. ಬೋಟ್ ಮದುಮಗನ ಹಾಗೆ ಮಿಂಚಿತು. ಎರಡನೇ ಸೀಸನ್ನಿಗೆ ಎಂಜಿನ್ ಕೂರುವ ಹಿಂಬದಿ ಹಲಗೆ ಅಲುಗಾಡತೊಡಗಿತು. ಈ ಹಲಗೆಗೆ ಟ್ರಾನ್ಸಮ್ ಅನ್ನುತ್ತಾರೆ. ಪುಣ್ಯಕ್ಕೆ ದಡದ ಹತ್ತಿರವೇ ಇದ್ದೆವು, ಜನ ಇಳಿದಿದ್ದರು. ಬಿಚ್ಚಿ ನೋಡಿದರೆ ಫೈಬರ್ ಒಳಗಿನ ಪ್ಲೈವುಡ್ ನೆನೆದ ಅವಲಕ್ಕಿಯಂತಾಗಿತ್ತು. ಪೇಂಟ್ ಅದನ್ನು ಮುಚ್ಚಿಟ್ಟಿತ್ತು.

ಗೀರು, ಮಂಕಾದ ಬಣ್ಣ, ಅಂಗೈ ಅಗಲದ ಬಿರುಕು, ಇಂಥದಕ್ಕೆಲ್ಲ ಒಳ್ಳೆಯ ಫೈಬರ್ ಕೆಲಸದವರು ಸಾಕು. ತಯಾರಕರ ಹತ್ತಿರ ಇರುವ ಮೂರು ಸಾಮಾನು ಮಾತ್ರ ಬೇರೆಯವರ ಹತ್ತಿರ ಇರುವುದಿಲ್ಲ. ಒಂದು, ಬೋಟಿನ ಅಚ್ಚು. ಡೆಕ್ ಆಗಲಿ ಸೀಟಿನ ಪೆಟ್ಟಿಗೆಯಾಗಲಿ ಹಾಳಾಗಿದ್ದರೆ ಅದೇ ಅಚ್ಚಿನಲ್ಲಿ ತೆಗೆದು ಕೂರಿಸುತ್ತಾರೆ, ಸಂದಿ ಬಾಯಿ ಬಿಡುವುದಿಲ್ಲ. ಎರಡು, ಯಾವ ಜಾಗದಲ್ಲಿ ಎಷ್ಟು ಪದರ ಫೈಬರ್ ಮ್ಯಾಟ್ ಹಾಕಿದ್ದಾರೆ ಅನ್ನುವ ದಾಖಲೆ. ಮೂರು, ಎಷ್ಟು ಜನ, ಎಷ್ಟು ಹಾರ್ಸ್‌ಪವರ್ ಅಂತ ಬರೆದ ಪ್ಲೇಟ್. ನಾಳೆ ಸರ್ವೇಯರ್ ಬಂದರೆ, ಇನ್ಶೂರೆನ್ಸ್‌ನವರು ಬಂದರೆ, ತಯಾರಕರು ಕೊಟ್ಟ ಪ್ಲೇಟಿಗೆ ಇರುವ ಬೆಲೆ ನಮ್ಮ ಬಾಯಿ ಮಾತಿಗೆ ಇರುವುದಿಲ್ಲ. ನಿಮಗೆ ಈ ಮೂರರಲ್ಲಿ ಒಂದೂ ಬೇಡದಿದ್ದರೆ ಪುಣೆಯವರೆಗೆ ಲಾರಿ ಬಾಡಿಗೆ ದಂಡ.

ಮೊದಲು ನೀವೇ ಪರೀಕ್ಷೆ ಮಾಡಿ

ಕಂಪನಿಗೆ ಫೋನ್ ಮಾಡುವ ಮೊದಲೇ ಇದನ್ನು ಮಾಡಿ. ಅವರು ಕೇಳುವ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇದ್ದರೆ ಅವರ ಮಾತಿನ ಧಾಟಿಯೇ ಬದಲಾಗುತ್ತದೆ.

ಎಂಜಿನ್ ಇಳಿಸುವ ಮೊದಲು ಅದರ ಕೆಳಗಿನ ಭಾಗವನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಒತ್ತಿ. ಒಬ್ಬರು ಒತ್ತಬೇಕು, ಇನ್ನೊಬ್ಬರು ಟ್ರಾನ್ಸಮ್ ಮೇಲೆ ಕಣ್ಣಿಡಬೇಕು. ಹಲಗೆ ಬಾಗಿದರೆ ಒಳಗೆ ಕೊಳೆತಿದೆ. ಆಮೇಲೆ ಎಂಜಿನ್ ಇಳಿಸಿ, ಬೋಲ್ಟ್ ತೂತನ್ನು ನೋಡಿ. ಕಂದು ನೀರು ಜಿನುಗಿದರೆ ಬೇರೆ ಸಾಕ್ಷಿ ಬೇಡ.

ಆಮೇಲೆ ಬಡಿದು ನೋಡಿ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳಲ್ಲಿ ತಟ್ಟಿ ನೋಡುತ್ತೇವಲ್ಲ, ಅದೇ ವಿದ್ಯೆ. ನಾನು ಸ್ಕ್ರೂಡ್ರೈವರ್‌ನ ಪ್ಲಾಸ್ಟಿಕ್ ಹಿಡಿಯಲ್ಲಿ ತಟ್ಟುತ್ತೇನೆ. ಗಟ್ಟಿ ಜಾಗ ಟಕ್ ಟಕ್ ಅನ್ನುತ್ತದೆ. ಪದರ ಬಿಟ್ಟ ಜಾಗ, ನೆನೆದ ಜಾಗ ಡಬ್ ಡಬ್ ಅನ್ನುತ್ತದೆ. ಸೀಮೆಸುಣ್ಣದಲ್ಲಿ ಗುರುತು ಮಾಡುತ್ತಾ ಹೋಗಿ, ಮುಗಿದ ಮೇಲೆ ಫೋಟೋ ತೆಗೆಯಿರಿ. ಗುರುತು ಡೆಕ್ ಮತ್ತು ಟ್ರಾನ್ಸಮ್‌ನಲ್ಲಿ ಮಾತ್ರ ಇದ್ದರೆ ಧೈರ್ಯ ಮಾಡಬಹುದು. ತಳದ ಉದ್ದಕ್ಕೂ, ಒಳಗಿನ ಅಡ್ಡಪಟ್ಟಿಗಳ ಮೇಲೂ ಬಂದರೆ ಹೊಸ ಬೋಟಿನ ಬೆಲೆ ಕೇಳುವುದೇ ಒಳ್ಳೆಯದು.

ತಳದಲ್ಲಿ ಸಣ್ಣ ಗುಳ್ಳೆಗಳಿವೆಯಾ ನೋಡಿ. ಮೇಲಿನ ಜೆಲ್‌ಕೋಟ್ ಪದರ ಅರ್ಧ ಮಿಲಿಮೀಟರ್ ದಪ್ಪ ಇರುತ್ತದೆ, ಅಷ್ಟೇ. ವರ್ಷಗಟ್ಟಲೆ ನೀರಲ್ಲಿ ನಿಂತರೆ ಅದರ ಮೂಲಕ ನೀರು ಒಳಗೆ ಇಳಿದು ಗುಳ್ಳೆ ಎಬ್ಬಿಸುತ್ತದೆ. ಸಮುದ್ರದ ನೀರಿಗಿಂತ ಕೆರೆಯ ಸಿಹಿನೀರಿನಲ್ಲಿ ಇದು ಜಾಸ್ತಿ. ಒಂದನ್ನು ಚುಚ್ಚಿ ನೋಡಿ. ಕನ್ನಡಕ ಹಾಕಿಕೊಂಡೇ ಚುಚ್ಚಿ, ಒಳಗಿನ ರಸ ಸಿಡಿಯುತ್ತದೆ. ಗೋಬಿ ಮಂಚೂರಿ ಗಾಡಿಯ ವಿನೆಗರ್ ವಾಸನೆ ಬಂದರೆ ಅದು ಪೇಂಟಿನ ಗುಳ್ಳೆಯಲ್ಲ, ಫೈಬರ್‌ನದ್ದೇ ರೋಗ. ನಾಲ್ಕಾರು ಇದ್ದರೆ ಹೆದರಬೇಕಿಲ್ಲ. ಮೈತುಂಬಾ ಇದ್ದರೆ ಜೆಲ್‌ಕೋಟ್ ಕೆರೆದು, ಒಣಗಿಸಿ, ಎಪಾಕ್ಸಿ ಬಳಿಯಬೇಕು. ಖರ್ಚು ಏರುವುದು ಇಲ್ಲೇ.

ಕಾಟಾದ ಮೇಲೆ ಬೋಟ್

ಇದು ನಮ್ಮ ಮಾವನವರ ಉಪಾಯ. ಅವರು ಕಲಬುರಗಿಯ ದಾಲ್ ಮಿಲ್ ಒಂದರಲ್ಲಿ ಇಪ್ಪತ್ತು ವರ್ಷ ಕಾಟಾ, ಅಂದರೆ ತೂಕದ ಯಂತ್ರ, ನೋಡಿಕೊಂಡವರು. ತೊಗರಿಯಲ್ಲಿ ಹಸಿ ಎಷ್ಟಿದೆ ಅಂತ ಚೀಲ ಎತ್ತಿಯೇ ಹೇಳುತ್ತಿದ್ದರು. ಬೋಟಿನ ವಿಷಯ ಕೇಳಿ ಅಂದರು: "ನೀರು ಕುಡದದೋ ಇಲ್ಲೋ ಅಂತ ಬಡದು ಯಾಕ ನೋಡ್ತೀರಿ? ತೂಕ ಮಾಡ್ರಿ."

ಹಳೆ ಬೋಟಿನ ತಳ ಮತ್ತು ಡೆಕ್ ನಡುವೆ ತೇಲುವುದಕ್ಕೆ ಅಂತ ಫೋಮ್ ತುಂಬಿರುತ್ತಾರೆ. ಸ್ಕ್ರೂ ತೂತುಗಳಿಂದ ಇಳಿದ ನೀರು ಅದರಲ್ಲಿ ವರ್ಷಗಟ್ಟಲೆ ನಿಂತಿರುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಬೋಟ್ ಸ್ವಲ್ಪ ಸೋಮಾರಿಯಾಗಿದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆ ಅಂತ ಮಾತ್ರ ಅನಿಸುತ್ತದೆ.

ಎಂಜಿನ್, ಬ್ಯಾಟರಿ, ಟ್ಯಾಂಕ್, ಕುಶನ್, ಹಗ್ಗ ಎಲ್ಲ ತೆಗೆದೆವು. ಬೋಟನ್ನು ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಇಟ್ಟು ವೇ-ಬ್ರಿಜ್ ಮೇಲೆ ನಿಲ್ಲಿಸಿದೆವು. ಆಮೇಲೆ ಬೋಟ್ ಇಳಿಸಿ ಖಾಲಿ ಟ್ರಾಲಿ ತೂಗಿದೆವು. ಡ್ರೈವರ್ ಎರಡೂ ಸಲ ಕೆಳಗೆ ಇಳಿದಿರಬೇಕು, ನಡುವೆ ಡೀಸೆಲ್ ಹಾಕಿಸಬಾರದು. ಆ ಕಾಟಾ 5 ಕಿಲೋ ಹೆಜ್ಜೆಯಲ್ಲಿ ತೋರಿಸುತ್ತದೆ. ಅದಕ್ಕೆ ಮೂರು ಸಲ ತೂಗಿದೆವು. ಗೇಟಿನಲ್ಲಿದ್ದ ಹಮಾಲರೊಬ್ಬರು ಕೇಳಿದರು: "ಅಕ್ಕಾರ, ಇದು ಯಾವ ಮಾಲ್ರಿ? ಕ್ವಿಂಟಲ್‌ಗೆ ಎಷ್ಟು?"

ಕಂಪನಿಯ ಹಳೆ ಕಾಗದದ ಪ್ರಕಾರ ಬರೀ ಬೋಟು 310 ಕಿಲೋ. ಕಾಟಾ ತೋರಿಸಿದ್ದು 385. ಎಪ್ಪತ್ತೈದು ಕಿಲೋ ನೀರು! ಟಿಕೆಟ್ ಇಲ್ಲದ ಒಬ್ಬ ಪ್ರಯಾಣಿಕನನ್ನು ವರ್ಷಗಟ್ಟಲೆ ಕೂರಿಸಿಕೊಂಡು ಓಡಾಡಿದ್ದೇವೆ ಅಂತಾಯಿತು.

ಮುಂದಿನದು ಒಣಗಿಸುವುದು. ಇದರಲ್ಲಿ ನಮ್ಮ ಊರನ್ನು ಮೀರಿಸುವವರಿಲ್ಲ. ಕರಾವಳಿಯವರಿಗೆ ಹೀಟರ್, ಟಾರ್ಪಾಲಿನ್ ಅಂತ ತಿಂಗಳುಗಟ್ಟಲೆ ಬೇಕಾಗುವ ಕೆಲಸವನ್ನು ಕಲಬುರಗಿಯ ಏಪ್ರಿಲ್ ಪುಕ್ಕಟೆ ಮಾಡಿಕೊಡುತ್ತದೆ. ತಳದ ಪ್ಲಗ್ ಬಿಚ್ಚಿ. ಡೆಕ್ ಮೇಲಿನ ಮುಚ್ಚಳ ಎಲ್ಲ ತೆಗೆಯಿರಿ. ಮೂತಿ ಒಂದು ಅಡಿ ಎತ್ತರದಲ್ಲಿರಲಿ, ನೀರು ಹಿಂದಕ್ಕೆ ಇಳಿಯಬೇಕು. ಆದರೆ ನೆರಳಲ್ಲಿ ಇಡಿ. 43 ಡಿಗ್ರಿ ಬಿಸಿಲಲ್ಲಿ, ಅದೂ ಶಹಾಬಾದ್ ಕಲ್ಲು ಹಾಸಿದ ಅಂಗಳದಲ್ಲಿ ಇಟ್ಟರೆ ಕೆಳಗಿನಿಂದಲೂ ಕಾವು ಹೊಡೆಯುತ್ತದೆ. ಬಿಸಿಗೆ ಮೆತ್ತಗಾದ ತಳ ಎಲ್ಲಿ ಆಸರೆ ಇದೆಯೋ ಅಲ್ಲಿ ಕುಸಿದು, ಆ ಆಕಾರದಲ್ಲೇ ನಿಂತುಬಿಡಬಹುದು. ನಾವು ಹಳೆ ಟಯರುಗಳ ಮೇಲೆ ಹೊಟ್ಟಿನ ಚೀಲ ಹಾಕಿ, ತಳದ ಉದ್ದಕ್ಕೂ ಆಸರೆ ಕೊಟ್ಟಿದ್ದೆವು.

ಶರಣಬಸವೇಶ್ವರ ಜಾತ್ರೆ ಮುಗಿದ ಮೇಲೆ ಬೋಟ್ ಮೇಲೆ ಎಳೆದೆವು. ಏಳು ವಾರ ಒಣಗಿಸಿ ಮತ್ತೆ ಕಾಟಾಕ್ಕೆ ಒಯ್ದರೆ 350. ಅಂದರೆ 35 ಕಿಲೋ ಹೋಯಿತು, 40 ಕಿಲೋ ಹೋಗಲಿಲ್ಲ. ಹೋಗದೆ ಉಳಿದ ನೀರು ಫೋಮಿನ ಒಳಗಿನದು. ಅದು ಬಿಸಿಲಿಗೆ ಬಗ್ಗುವುದಿಲ್ಲ, ಫೋಮನ್ನೇ ಕಿತ್ತು ಹಾಕಬೇಕು. ಈ ಎರಡು ಚೀಟಿ ಕೈಗೆ ಬಂದ ಮೇಲೆ ನನಗೆ ಕಂಪನಿಯವರ ಹತ್ತಿರ ಏನು ಕೇಳಬೇಕು ಅಂತ ಸ್ಪಷ್ಟವಾಯಿತು. ಬಣ್ಣ ಅಲ್ಲ. ಫೋಮ್, ಟ್ರಾನ್ಸಮ್, ಹೊಸ ಪ್ಲೇಟ್.

ಒಂದು ತಪ್ಪು ಮಾಡಿದೆವು. ಶಿವರಾತ್ರಿಗೇ ಎಳೆಯಬೇಕಿತ್ತು. ತಡವಾಗಿ ಕಳಿಸಿದ್ದರಿಂದ ಅವರ ಶೆಡ್ಡಿಗೆ ಮಳೆಗಾಲದ ತೇವ ಬಂತು. ಫೈಬರ್ ಕೆಲಸಕ್ಕೆ ತೇವ ಆಗಿಬರುವುದಿಲ್ಲ.

ನಂಬರ್ ಹುಡುಕಿ, ಆಮೇಲೆ ಫೋನ್ ಮಾಡಿ

ಸೆಕೆಂಡ್ ಹ್ಯಾಂಡ್ ಬೋಟಿನವರಿಗೆ ಇದೇ ತಲೆನೋವು. ಬಿಲ್ ಇರುವುದಿಲ್ಲ, ತಯಾರಕರಿಗೆ ನೀವು ಯಾರೋ ಗೊತ್ತಿರುವುದಿಲ್ಲ. ಬೋಟಿನ ನಂಬರ್ ಒಂದೇ ಸಂಬಂಧ. ಅಮೆರಿಕದಿಂದ ಬಂದ ಬೋಟಾದರೆ ಹಿಂಬದಿಯ ಬಲಮೂಲೆಯಲ್ಲಿ 12 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಅಲ್ಲಿ 1972ರ ನವೆಂಬರ್‌ನಿಂದ ಅದು ಕಡ್ಡಾಯ. ನಮ್ಮ ದೇಶದ ಸಣ್ಣ ತಯಾರಕರು ತಮ್ಮದೇ ನಂಬರ್ ಹಾಕುತ್ತಾರೆ. ನಮ್ಮದು ಕಾರಿನ ಪೇಂಟಿನ ಕೆಳಗೆ ಹೂತುಹೋಗಿತ್ತು. ನೀರು ಮುಟ್ಟಿಸಿ ಸಣ್ಣ ಎಮರಿ ಕಾಗದದಲ್ಲಿ ಮೆಲ್ಲಗೆ ಉಜ್ಜಿ, ಟೂತ್‌ಬ್ರಷ್‌ನಲ್ಲಿ ತಿಕ್ಕಿ ಹೊರಗೆ ತೆಗೆದೆ. ಇಡೀ ಮಧ್ಯಾಹ್ನ ಹಿಡಿಯಿತು.

ನಂಬರ್, ಸೀಮೆಸುಣ್ಣದ ಫೋಟೋಗಳು, ಎರಡು ಕಾಟಾ ಚೀಟಿ ವಾಟ್ಸಾಪ್‌ನಲ್ಲಿ ಕಳಿಸಿ ಫೋನ್ ಮಾಡಿದೆ. ಮೊದಲು "ಮೇಡಂ, ಹಳೆ ಮಾಡೆಲ್, ಈಗ ಮಾಡಲ್ಲ" ಅಂದಿದ್ದವರು ಮರುದಿನ ತಾವೇ ಫೋನ್ ಮಾಡಿದರು. "ತೂಕದ ಚೀಟಿ ಕಳಿಸಿದ ಗಿರಾಕಿ ನೀವೇ ಮೊದಲು" ಅಂದರು.

ಕೊಟೇಶನ್ ಕೇಳುವಾಗ ಇಷ್ಟು ನೆನಪಿಡಿ. ಒಟ್ಟು ಮೊತ್ತ ಒಂದೇ ಸಾಲಿನಲ್ಲಿ ಬಂದರೆ ಒಪ್ಪಬೇಡಿ. ಬಿಚ್ಚುವುದಕ್ಕೆ ಎಷ್ಟು, ಫೋಮಿಗೆ ಎಷ್ಟು, ಟ್ರಾನ್ಸಮ್‌ಗೆ ಎಷ್ಟು, ಜೆಲ್‌ಕೋಟಿಗೆ ಎಷ್ಟು, ಫಿಟ್ಟಿಂಗಿಗೆ ಎಷ್ಟು, ಬೇರೆ ಬೇರೆ ಇರಲಿ. ಎಲ್ಲಕ್ಕಿಂತ ಮುಖ್ಯ, "ಬಿಚ್ಚಿದ ಮೇಲೆ ಕಂಡದ್ದು" ಅನ್ನುವುದಕ್ಕೆ ದರ ಮೊದಲೇ ಬರೆಸಿಕೊಳ್ಳಿ. ಡೆಕ್ ಎತ್ತಿದ ಮೇಲೆ ಹೊಸ ಕೊಳೆ ಕಂಡೇ ಕಾಣುತ್ತದೆ. ಆಗ ಬೋಟ್ ಅವರ ಶೆಡ್ಡಿನಲ್ಲಿ ಎರಡು ತುಂಡಾಗಿ ಬಿದ್ದಿರುತ್ತದೆ, ಅವರು ಹೇಳಿದ್ದೇ ರೇಟು. ನಾನು ಹೆಚ್ಚಿನ ಕೆಲಸಕ್ಕೆ ಚದರ ಅಡಿಗೆ ಇಷ್ಟು ಅಂತ ಬರೆಸಿದ್ದೆ. ಫೋಟೋ ನೋಡಿ ನಾವು ಹೂಂ ಅನ್ನುವವರೆಗೆ ಕೆಲಸ ಮುಂದೆ ಹೋಗಬಾರದು ಅಂತಲೂ ಬರೆಸಿದ್ದೆ.

ನಮಗೆ ಕೊಟ್ಟ ಕೊಟೇಶನ್ 1 ಲಕ್ಷ 90 ಸಾವಿರ. ಕೊನೆಗೆ ಆದದ್ದು 2 ಲಕ್ಷ 15 ಸಾವಿರ, ಲಾರಿ ಬೇರೆ. ಎಂಜಿನ್ ಇಲ್ಲದ ಅದೇ ಅಳತೆಯ ಹೊಸ ಬೋಟಿಗೆ ಅವರೇ 4 ಲಕ್ಷ 60 ಸಾವಿರ ಹೇಳಿದ್ದರು. ಅರ್ಧ ದಾಟಿದರೆ ಕೈಬಿಡುವುದು ಅಂತ ನಾನು ಮೊದಲೇ ಗೆರೆ ಹಾಕಿದ್ದೆ. ನಮ್ಮನೆಯವರಿಗೆ ಹೊಸದರ ಮೇಲೇ ಕಣ್ಣಿತ್ತು. ಅದು ಬೇರೆ ಮಾತು.

ಏನು ಹಾಕಿಸಬೇಕು, ಏನು ಬೇಡ

ಕಂಪನಿಯವರು ಉದ್ದದ ಪಟ್ಟಿ ಕಳಿಸುತ್ತಾರೆ. ಅವರ ಹೆಚ್ಚಿನ ಗಿರಾಕಿಗಳು ಸಮುದ್ರದವರು. ಕೆರೆಯವರಿಗೆ ಅದರಲ್ಲಿ ಅರ್ಧ ಬೇಡ. ರೇಲಿಂಗಿಗೆ 316 ಗ್ರೇಡ್ ಸ್ಟೀಲ್ ಅಂತ ಬರೆದಿದ್ದರು. ಅದು ಉಪ್ಪುನೀರಿಗೆ. ನಮಗೆ 304 ಧಾರಾಳ ಸಾಕು. ಎಂಜಿನ್ನಿಗೆ ಸತುವಿನ ಆನೋಡ್ ಹಾಕಿದ್ದರು. ಆನೋಡ್ ಅಂದರೆ ಎಂಜಿನ್ ಲೋಹದ ಬದಲು ತಾನು ಸವೆಯುವ ಬಿಲ್ಲೆ. ಸಿಹಿನೀರಿನಲ್ಲಿ ಸತುವಿನ ಮೇಲೆ ಬಿಳಿ ಹೊಪ್ಪಳೆ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ. ಅಲ್ಯೂಮಿನಿಯಂ ಅಥವಾ ಮೆಗ್ನೀಷಿಯಂ ಬೇಕು. ಬೀದರಿನ ಬಿದ್ರಿ ಕೆಲಸದವರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ, ಕೋಟೆ ಮಣ್ಣಿನಲ್ಲಿ ಕಪ್ಪು ಮಾಡಿ ಹೂಜಿ ಮಾಡುತ್ತಾರೆ. ಸತುವಿಗೆ ಅಲ್ಲಿ ಮರ್ಯಾದೆ. ನಮ್ಮ ಎಂಜಿನ್ನಿಗೆ ಬೇಡ ಅಂತ ವಾಪಸ್ ಕೊಟ್ಟೆ.

ಎಂಜಿನ್ ಬದಲಾಯಿಸುವುದಾದರೆ ಬೋಟ್ ಬಿಚ್ಚಿದಾಗಲೇ ತೀರ್ಮಾನ ಮಾಡಿ. ಹಳೆಯದು ಟೂ-ಸ್ಟ್ರೋಕ್ 40 ಹಾರ್ಸ್‌ಪವರ್. ಎಣ್ಣೆ ಬೆರೆಸಿದ ಪೆಟ್ರೋಲ್ ಸುಟ್ಟು ನೀರಿನ ಮೇಲೆ ಬಣ್ಣ ಬಣ್ಣದ ಪೊರೆ ಬಿಡುತ್ತಿತ್ತು. ಅದೇ ಕೆರೆಯ ನೀರನ್ನು ಜನ ಕುಡಿಯುತ್ತಾರೆ, ದನಗಳೂ ಕುಡಿಯುತ್ತವೆ. ಫೋರ್-ಸ್ಟ್ರೋಕ್ ತಗೊಂಡೆವು. ಆದರೆ ಅಷ್ಟೇ ಶಕ್ತಿಯ ಫೋರ್-ಸ್ಟ್ರೋಕ್ ಎಂಜಿನ್ 20ರಿಂದ 25 ಕಿಲೋ ಭಾರ ಜಾಸ್ತಿ. ಅದೆಲ್ಲ ಟ್ರಾನ್ಸಮ್ ಮೇಲೆಯೇ ಬೀಳುತ್ತದೆ. ಹಾಗಾಗಿ ಬ್ಯಾಟರಿ, ಟ್ಯಾಂಕ್ ಎರಡನ್ನೂ ಮುಂದಕ್ಕೆ ಸರಿಸಲು ಹೇಳಿದೆವು. ಶಾಫ್ಟ್, ಅಂದರೆ ನೀರಿಗೆ ಇಳಿಯುವ ಎಂಜಿನ್ ಕಾಲು, ಅದರ ಉದ್ದ ನೋಡಿಯೇ ಎಂಜಿನ್ ತಗೊಳ್ಳಿ. ಟ್ರಾನ್ಸಮ್ ಎತ್ತರ 15 ಇಂಚಿದ್ದರೆ ಶಾರ್ಟ್ ಶಾಫ್ಟ್, 20 ಇದ್ದರೆ ಲಾಂಗ್. ಅದಲು ಬದಲಾದರೆ ಪ್ರೊಪೆಲ್ಲರ್ ಗಾಳಿ ಹೊಡೆಯುತ್ತದೆ, ಇಲ್ಲವಾದರೆ ಕೆರೆ ತಳ ಉಳುತ್ತದೆ.

ಇನ್ನೊಂದು ನಮ್ಮ ಎರೆಮಣ್ಣಿನ ಕಾಟ. ಬೇಸಿಗೆಯಲ್ಲಿ ನೀರು ಇಳಿದಾಗ ಎಂಜಿನ್ ರಾಡಿ ಹೀರಿಕೊಂಡು ವಾಟರ್ ಪಂಪಿನೊಳಗೆ ನೀರು ತಳ್ಳುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್, ಸವೆದುಹೋಗುತ್ತದೆ. ಪುಸ್ತಕದಲ್ಲಿ ಏನೇ ಬರೆದಿರಲಿ, ನಾವು ವರ್ಷಕ್ಕೊಂದು ಬದಲಾಯಿಸುತ್ತೇವೆ. ಎರಡು ಹೆಚ್ಚಿಗೆ ಕೇಳಿ ತರಿಸಿಟ್ಟುಕೊಳ್ಳಿ.

ಸೀಟಿನ ಬಟ್ಟೆಯಲ್ಲಿ ಉಳಿತಾಯ ಮಾಡಬೇಡಿ. ಸೋಫಾ ರೆಕ್ಸಿನ್ ನಮ್ಮ ಒಂದು ಬೇಸಿಗೆಗೆ ಹಪ್ಪಳವಾಗುತ್ತದೆ. ಬಿಸಿಲು ತಡೆಯುವ ಮರೀನ್ ವಿನೈಲ್ ಹಾಕಿಸಿ. ಡೆಕ್ ಮೇಲೆ ಜಾರದ ಮೇಲ್ಮೈ, ನೀರು ತಾನಾಗಿ ಎತ್ತುವ ಫ್ಲೋಟ್ ಸ್ವಿಚ್ಚಿನ ಪಂಪ್, ಎರಡೂ ಬೇಕು. ದೊಡ್ಡ ಛಾವಣಿ ಬೇಡ. ಮುಂಗಾರಿಗೆ ಮೊದಲು ಬರುವ ಬಿರುಗಾಳಿಗೆ ಅದು ಹಾಯಿ ಆಗಿಬಿಡುತ್ತದೆ. ಮಡಚುವಂಥದ್ದಾದರೆ ಪರವಾಗಿಲ್ಲ.

ಪೆಡಲ್ ಬೋಟುಗಳ ಬಗ್ಗೆ ಒಂದೇ ಮಾತು. ಕಳಿಸಬೇಡಿ. ಪಾಲಿಥಿನ್ ಅಚ್ಚಿನ ಬೋಟಿಗೆ ಫೈಬರ್ ರೆಸಿನ್ ಅಂಟುವುದೇ ಇಲ್ಲ. ಪೆಡಲ್ ಶಾಫ್ಟ್, ಬುಷ್, ಚುಕ್ಕಾಣಿ ಪಾರ್ಸಲ್ ತರಿಸಿ ಇಲ್ಲೇ ಹಾಕಿ.

ಸಾಗಿಸುವುದು ಮತ್ತು ಕಾಗದ

ಹದಿನಾರು ಅಡಿಯ ಬೋಟಿಗೆ 19 ಅಡಿಯ ತೆರೆದ ಲಾರಿ ಸಾಕು. ಅಗಲ ಅಳೆದೇ ಮಾತಾಡಿ. ಹೈಡ್ರಾ ಕ್ರೇನಿನಲ್ಲಿ ಎತ್ತುವಾಗ ಸರಪಳಿ ಬೇಡ, ಅಗಲ ಬೆಲ್ಟ್ ಹಾಕಿಸಿ. ನಮ್ಮ ಹೈಡ್ರಾ ಹುಡುಗ ಸರಪಳಿ ತೆಗೆದ. "ತಮ್ಮಾ, ಇದು ಸಿಮೆಂಟ್ ಪೈಪ್ ಅಲ್ಲ" ಅಂದೆ. ಬೆಲ್ಟ್ ತರಲು ಅರ್ಧ ತಾಸು ಹೋಯಿತು, ಹೋಗಲಿ. ಕಟ್ಟುವಾಗ ಹಗ್ಗದ ಕೆಳಗೆ ಗೋಣಿ ಮಡಚಿ ಇಡಿ.

ರಿಪೇರಿಗೆ ಹೋಗುತ್ತಿದೆ, ಮಾರಾಟಕ್ಕಲ್ಲ ಅಂತ ಡೆಲಿವರಿ ಚಲನ್ ಮಾಡಿ. ಬೋಟಿನ ಬೆಲೆ 50 ಸಾವಿರ ದಾಟಿದರೆ ಇ-ವೇ ಬಿಲ್ ಬೇಕು. ಬರುವಾಗಲೂ ಬೇಕು, ಅದನ್ನು ಮರೆಯುವವರೇ ಜಾಸ್ತಿ. ಎಂಜಿನ್ ಇರುವ ಬೋಟ್ 2021ರ ಒಳನಾಡು ಹಡಗು ಕಾಯ್ದೆಯಡಿ ಬರುತ್ತದೆ. 1917ರ ಹಳೆ ಕಾಯ್ದೆಯ ಜಾಗಕ್ಕೆ ಬಂದದ್ದು ಇದು. ನೋಂದಣಿ, ಸರ್ವೇ ಸರ್ಟಿಫಿಕೇಟ್ ಎರಡೂ ಬೇಕು. ಎಂಜಿನ್ ಬದಲಾದರೆ ನೋಂದಣಿ ಮಾಡಿದ ಕಚೇರಿಗೆ ತಿಳಿಸಿ, ಇನ್ಶೂರೆನ್ಸ್‌ನವರಿಗೂ ಬರೆಯಿರಿ. ಇದಕ್ಕೆ ಕಂಪನಿಯ ಪತ್ರ ಬೇಕಾಗುತ್ತದೆ. ಕೊನೆಯ ಕಂತು ಕೊಡುವ ಮೊದಲೇ ಅದನ್ನು ಕೈಗೆ ತಗೊಳ್ಳಿ. ದುಡ್ಡು ಹೋದ ಮೇಲೆ ಪತ್ರ ಬೇಗ ಬರುವುದಿಲ್ಲ.

ವಾಪಸ್ ಬಂದ ದಿನ

ಬೋಟ್ ಬಂದದ್ದು ಜುಲೈನಲ್ಲಿ, ಜಿಟಿಜಿಟಿ ಮಳೆಯಲ್ಲಿ. ನಮ್ಮನೆಯವರು ಸೀದಾ ನೀರಿಗೆ ಇಳಿಸೋಣ ಅಂದರು. ಮಾವ "ಮೊದಲ ಕಾಟಾ" ಅಂದರು. ಲಾರಿಯನ್ನೇ ದಾಲ್ ಮಿಲ್‌ಗೆ ತಿರುಗಿಸಿದೆವು. 320 ತೋರಿಸಿತು. ಹತ್ತು ಕಿಲೋ ಹೆಚ್ಚಿರುವುದು ದಪ್ಪ ಟ್ರಾನ್ಸಮ್‌ನದ್ದು ಅಂತ ಕಂಪನಿಯವರು ಮೊದಲೇ ಹೇಳಿದ್ದರು. ಸರಿ ಹೋಯಿತು.

ಆಮೇಲೆ ದಡದಲ್ಲೇ, ಸೊಂಟದ ನೀರಿನಲ್ಲಿ ಮುಳುಗಿಸುವ ಪರೀಕ್ಷೆ. ಎಂಜಿನ್ ಹಾಕುವ ಮೊದಲು, ಜನರನ್ನು ಕೂರಿಸದೆ, ಎಂಜಿನ್ ಜಾಗದಲ್ಲಿ ಅಷ್ಟೇ ತೂಕದ ಉಸುಕಿನ ಚೀಲ ಕಟ್ಟಿ, ಬೋಟಿನೊಳಗೆ ಅಂಚಿನವರೆಗೆ ನೀರು ತುಂಬಿಸಿದೆವು. ಫೋಮ್ ಸರಿಯಾಗಿ ತುಂಬಿದ್ದರೆ ನೀರು ತುಂಬಿದ ಬೋಟೂ ತೇಲಬೇಕು, ಒಂದು ಕಡೆಗೆ ಮಗುಚಬಾರದು. ಹೊಸ ಬೋಟಿಗೆ ನೀರು ತುಂಬುವುದನ್ನು ನೋಡಿ ದಡದಲ್ಲಿದ್ದವರು ನಮಗೆ ತಲೆ ಕೆಟ್ಟಿದೆ ಅಂದುಕೊಂಡರು. ಬೋಟ್ ಎಮ್ಮೆಯ ಹಾಗೆ ಬೆನ್ನು ತೋರಿಸಿಕೊಂಡು ನಿಂತಿತು.

ಎಂಜಿನ್ ಹಾಕಿದ ಮೇಲೆ ಭಾರದ ಓಟ. ಒಬ್ಬರಿಗೆ 75 ಕಿಲೋ ಲೆಕ್ಕ ಹಿಡಿದು, ಪ್ಲೇಟಿನಲ್ಲಿ ಬರೆದಷ್ಟು ಜನರ ಬದಲು ಉಸುಕಿನ ಚೀಲ ಹಾಕಿ ಕೆರೆ ಸುತ್ತಿಸಿದೆವು. 50 ಕಿಲೋ ಚೀಲವಾದರೆ ಇಬ್ಬರಿಗೆ ಮೂರು. ಬಂದ ಮೇಲೆ ಮುಚ್ಚಳ ಎತ್ತಿ ಒಳಗೆ ಬೆರಳಾಡಿಸಿದೆ, ಒಣಗಿತ್ತು. ಹೊಸ ಫೋರ್-ಸ್ಟ್ರೋಕ್‌ಗೆ ಮೊದಲ ಹತ್ತು ತಾಸು ಪೂರ್ತಿ ವೇಗ ಕೊಡಬೇಡಿ. ಇಪ್ಪತ್ತು ತಾಸಿಗೆ ಎಣ್ಣೆ ಬದಲಿಸಿ. ಲೈಫ್ ಜಾಕೆಟ್‌ಗಳನ್ನು ಇದೇ ನೆಪದಲ್ಲಿ ಒಂದೊಂದಾಗಿ ನೀರಿಗೆ ಹಾಕಿ ನೋಡಿ. ನಮ್ಮಲ್ಲಿ ಮೂರು ಮುಳುಗುವ ಹಾಗೆ ತೂಗಾಡಿದವು, ಅವತ್ತೇ ಕತ್ತರಿಸಿ ಹಾಕಿದೆ. ಸುಮ್ನೆ ಇಟ್ಟಿದ್ದರೆ ಯಾರಾದರೂ ಹಾಕಿಕೊಂಡುಬಿಡುತ್ತಾರೆ.

ಹಳೆ ಪ್ಲೇಟನ್ನು ಕಂಪನಿಯವರಿಗೆ ಕೊಡುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ. 385, 350, 320ರ ಮೂರು ಕಾಟಾ ಚೀಟಿಗಳನ್ನು ನಾನು ಬಿಲ್ಲಿನ ಜೊತೆ ಪಿನ್ ಮಾಡಿ ಇಟ್ಟಿದ್ದೇನೆ. ಆ ಚೀಟಿಯ ಅಕ್ಷರ ಬಿಸಿಲಿಗೆ ಅಳಿಸಿಹೋಗುತ್ತದೆ, ಝೆರಾಕ್ಸ್ ಮಾಡಿಸಿಡಿ. ನಾಲ್ಕನೆಯದಕ್ಕೆ ಈ ಸಲ ಶಿವರಾತ್ರಿಗೇ ಟ್ರ್ಯಾಕ್ಟರ್ ಹೇಳಿಟ್ಟಿದ್ದೇವೆ.